ಟ್ಯಾಂಕಿನೊಳಗಿನ ಉಸಿರು

"ಆ ಮಣ್ಣ ಚೆಲ್ಲಿ ಬಾ ತಮ್ಮಾ. ಮೂರು ದಾರಿ ಕೂಡೋ ಜಾಗದ್ದು ಅದು. ಮಂದಿ ನಿವಾಳಿಸಿ ಒಗದಿದ್ದೆಲ್ಲಾ ಅದರಾಗೈತಿ," ಮನೆಯೊಡತಿ ಮುದುಕಮ್ಮ ಹೊಸ್ತಿಲಾಚೆಯೇ ನಿಂತು ಹೇಳಿದಳು.

ಅಂಟು ಸವರಿದ ಹಲಗೆಯ ಮೇಲೆ ಬೀರಲಿಂಗ ಮಣ್ಣು ಉದುರಿಸುತ್ತಲೇ ಇದ್ದ. "ಕುಂಕುಮ ಬೆರೆತು ಮರಳುಗಾಡಿನ ಬಣ್ಣ ಬಂದೈತಿ ಬೇ ಯವ್ವಾ. ನಿಮ್ಮ ದೆವ್ವಕ್ಕ ಟ್ಯಾಂಕ್ ಓಡಸಾಕ ಬರ್ತೈತೇನು?"

ಲಿಂಗಸುಗೂರಿನಿಂದ ಮಸ್ಕಿಯ ಕಾಲೇಜಿಗೆ ಪಾಠ ಹೇಳಲು ಹೊಸದಾಗಿ ಬಂದವನು. ಎರಡನೇ ಮಹಾಯುದ್ಧಕ್ಕೂ ಮುಂಚೆ ಇಟಲಿಯವರು ಪರೀಕ್ಷೆಗೆಂದು ಮಾಡಿ ಕೈಬಿಟ್ಟ ಹಗುರ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು, ಬಿಡಿಭಾಗ ತರಿಸಿ ಅಂಗೈಯಗಲಕ್ಕೆ ಜೋಡಿಸುತ್ತಿದ್ದ. ಚಾಲಕನ ಬೊಂಬೆಗೆ ತಮಾಷೆಗೆಂದು ಹೆಂಡತಿ ಅಮರೇಶ್ವರಿಯ ಮುಖ ಬರೆದಿದ್ದ, ಗಲ್ಲದ ಮಚ್ಚೆ ಸಮೇತ. ಆಂಟೆನಾಕ್ಕೆ ಅವಳ ಬಾಚಣಿಗೆಯ ಕೂದಲು. ಅದರ ಬುಡವನ್ನು ಬೊಂಬೆಯ ಕೊರಳಿಗೆ ಸುತ್ತಿ, ತುದಿಯನ್ನು ಹೊರಗೆ ಬಿಟ್ಟಿದ್ದ.

ಟ್ಯಾಂಕನ್ನು ಮಣ್ಣಿನ ಮೇಲಿಟ್ಟು, ಮುಚ್ಚಳ ಕೂರಿಸಿ ಅಂಟು ಹಾಕಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಓಡಿ ಹೋದಾಗ ಅಮರೇಶ್ವರಿ ನೆಲದ ಮೇಲಿದ್ದಳು. ಹಿಟ್ಟು ಮೆತ್ತಿದ ಬೆರಳುಗಳು ಕೊರಳನ್ನು ಪರಚುತ್ತಿದ್ದವು. ಕಿಟಕಿಯ ತುಂಬ ಮಧ್ಯಾಹ್ನದ ಬಿಸಿಲಿದ್ದರೂ ಅವಳ ಕಣ್ಣುಗಳು ಕತ್ತಲಲ್ಲಿದ್ದಂತೆ ತಡಕಾಡುತ್ತಿದ್ದವು. ರೊಟ್ಟಿ ಸೀದ ವಾಸನೆ. ಅದರಡಿ, ಅವಳ ಬಾಯಿಂದ, ಡೀಸೆಲ್ಲಿನ ವಾಸನೆ. ಆಚೆ ಕೋಣೆಯ ಟ್ಯಾಂಕಿನಿಂದ ಸದ್ದು ಬರುತ್ತಿತ್ತು. ಯಾರೋ ಒಳಗಿನಿಂದ ತಗಡು ಗುದ್ದುವ ಸದ್ದು.

"ಬೊಂಬಿ, ಕೂದಲ, ಆ ಮಣ್ಣು," ಮುದುಕಮ್ಮ ಹೊಸ್ತಿಲು ದಾಟಿ ಬಂದಳು. "ಮಾಟ ಅಂದ್ರ ಇನ್ನೇನೋ? ನಿನ್ನ ಕೈಲೇ ಮಾಡೀದಿ."

ಅವನು ಟ್ಯಾಂಕ್ ತಂದ. ಮುಚ್ಚಳದ ಸಂದಿಗೆ ಬ್ಲೇಡು ತೂರಿಸಿದ. ಅಮರೇಶ್ವರಿಯ ನೆತ್ತಿ ಬಿರಿದು ರಕ್ತ ಇಳಿಯಿತು. ಬ್ಲೇಡು ಕೈಜಾರಿತು.

"ಒಡೀಬ್ಯಾಡ," ಮುದುಕಮ್ಮ ಅಂದಳು. "ಒಡದ್ರ ಆಕಿನೂ ಒಡೀತಾಳ. ಆಕಿ ಹೊರಗ ಬರಬೇಕಂದ್ರ ಬ್ಯಾರೇದವರು ಒಳಗ ಹೋಗಬೇಕು. ಅವರ ಕೂದಲಾ ಟ್ಯಾಂಕಿನ ಆ ಕೂದಲಕ್ಕ ಆಕಿ ತನ್ನ ಕೈಲೇ ಗಂಟು ಹಾಕಬೇಕು."

ಅಮರೇಶ್ವರಿಯ ಉಸಿರು ಸಣ್ಣಗಾಯಿತು. ತುಟಿ ನೀಲಿಯಾಯಿತು. ಗುದ್ದುವ ಸದ್ದು ನಿಧಾನವಾಯಿತು. ಬೀರಲಿಂಗ ತನ್ನ ತಲೆಯ ಕೂದಲು ಕಿತ್ತ. ಅವಳ ಬೆರಳ ನಡುವೆ ಇಟ್ಟ. ಟ್ಯಾಂಕನ್ನು ಅವಳ ಎದೆಯ ಮೇಲಿಟ್ಟ.

"ಕಟ್ಟು ಅಮರಾ. ನನ್ನ ಕೂದಲ. ನಾ ಹೋಗ್ತೀನಿ. ಲಗೂನ ಕಟ್ಟು."

ಅವಳು ಅವನ ದನಿಯತ್ತ ಮುಖ ತಿರುಗಿಸಿದಳು. ಅಷ್ಟು ಉಸಿರು ಎಲ್ಲಿಂದ ತಂದಳೋ.

"ಇಲ್ಲಿ ಭಾಳ ಇಕ್ಕಟ್ಟೈತ್ರಿ," ಅಂದಳು. ಬೆರಳು ಬಿಡಿಸಿ ಕೂದಲನ್ನು ನೆಲಕ್ಕೆ ಬಿಟ್ಟಳು. "ಒಲ್ಲೆ."