ಗೊತ್ತಿಲ್ಲ ಅಂದವನು

"ಬೆರಳೆಲ್ಲಾ ಬೊಬ್ಬಿ ಎದ್ದಾವು! ಯಾಕ ಆಸ್ಪತ್ರಿಗೆ ಹೇಳಲಿಲ್ರೀ?"

ಧರ್ಮಿಬಾಯಿಯ ಕೈ ಹಿಡಿದು ಕೂತಿದ್ದ ಯುವಕ ತಲೆಯೆತ್ತಿ ಕೇಳಿದ. ನೀರಿನ ಕೊಡ ಇಳಿಸುತ್ತಿದ್ದ ಮಗಳು ಕಾಜಲ್ ಬೆಚ್ಚಿಬಿದ್ದಳು. ಎಂಥ ಕಣ್ಣು... ಎಂಥ ಸಿಟ್ಟು!

ಅವನು ಸುದೀಪ. ಕ್ಯಾನ್ಸರ್ ರೋಗಿಗಳ ಮನೆಗೇ ಬಂದು ನೋಡುವ ನರ್ಸ್. ಅತ್ತಿವೇರಿ ಹತ್ತಿರದ ಈ ಲಂಬಾಣಿ ತಾಂಡಾಕ್ಕೆ ಬಂದದ್ದು ಇದೇ ಮೊದಲು.

"ಉರಿಯೂದು ಚಲೋ ಅಲ್ಲೇನ್ರೀ? ಉರಿದಷ್ಟೂ ಗುಳಿಗಿ ಕೆಲಸ ಮಾಡ್ತೈತಿ ಅಂತ ನಾನೇ ಯಾಡಿಗೆ ಹೇಳೇನಿ."

"ನಿಮಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಯಾಡಿ ಎಂದು ತಾನು ಕರೆಯುವ ತಾಯಿ ಉರಿಗೆ ಹೆದರಿ ಕ್ಯಾನ್ಸರಿನ ಹೊಸ ಗುಳಿಗೆ ಬಿಟ್ಟುಬಿಟ್ಟರೆ ಎಂಬ ಭಯದಲ್ಲಿ ಕಾಜಲ್ ತಾನೇ ಕಟ್ಟಿದ ಮಾತದು. ಅದನ್ನು ನಂಬಿ ಆ ತಾಯಿ ನೋವನ್ನು ಸೆರಗಿನೊಳಗೆ ಮುಚ್ಚಿಟ್ಟಿದ್ದಳು. ಎಂದೋ ಆಗಲಿರುವ ಮಗಳ ಮದುವೆಗೆಂದು ಹೊಲಿಯುತ್ತಿದ್ದ ಕನ್ನಡಿ ಬಿಲ್ಲೆಯ ಫೇಟಿಯಾ ಲಂಗ ಅರ್ಧಕ್ಕೇ ಟ್ರಂಕ್ ಸೇರಿತ್ತು.

"ಬಯ್ಯಬ್ಯಾಡೋ ಬೇಟಾ," ಧರ್ಮಿಬಾಯಿ ನಕ್ಕಳು. "ಈ ಮನ್ಯಾಗ ಅಕಿನೇ ದೊಡ್ಡ ಡಾಕ್ಟರು."

ಸುದೀಪನಿಗೂ ನಗು ಬಂತು. ಕಾಜಲ್‌ಗೆ ಮಾತ್ರ ಮುಖ ಬಿಸಿಯಾಯಿತು.

ಡಾಕ್ಟರಿಗೆ ಫೋನ್ ಹೋಯಿತು. ಗುಳಿಗೆ ಕೆಲವು ದಿನ ನಿಂತಿತು, ಬೊಬ್ಬೆ ಒಣಗಿದ ಮೇಲೆ ಗುಳಿಗೆಯೂ ಸಣ್ಣಗೆ ಉರಿಯೂ ಮತ್ತೆ ಶುರುವಾದವು. ಸುದೀಪ ಬರುತ್ತಲೇ ಇದ್ದ. ಅವನ ಬೈಕಿನ ಸದ್ದಿಗೆ ಕಾಜಲ್‌ಳ ಕೈ ತಾನಾಗಿ ಚಹಾದ ಪಾತ್ರೆ ಹುಡುಕುತ್ತಿತ್ತು. 'ಯಾಡಿ ಮಲಗಿರುವಾಗ ನನಗಿದೇನು ಹುಚ್ಚು...'

ಒಂದು ದಿನ ಸ್ಕ್ಯಾನಿನ ಸುದ್ದಿ ಬಂತು. ಗಂಟು ಸಣ್ಣದಾಗಿತ್ತು!

"ಹಂಗಾರ ಯಾಡಿ ಭಾಳ ವರ್ಷ ಬದುಕ್ತಾಳ, ಹೌದಲ್ರೀ?"

ಸುದೀಪ ಚಹಾದ ಲೋಟ ಕೆಳಗಿಟ್ಟ. "ಗೊತ್ತಿಲ್ಲ."

"ಅಂದ್ರ?"

"ಗಂಟು ಕುಗ್ಗೇತಿ, ಅದು ಖರೇ. ಆದ್ರ ಈ ಔಷಧ ಹೊಸಾದು. ಆಯುಷ್ಯ ಹೆಚ್ಚು ಮಾಡ್ತೈತೋ ಇಲ್ಲೋ, ಇನ್ನೂ ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೂ."

"ಇದನ್ನ ಯಾಡಿಗೆ ಹೇಳಬ್ಯಾಡ್ರಿ!"

"ಕೇಳಿದ್ರ ಹೇಳ್ತೇನಿ, ಕಾಜಲ್. ಮೈ ಅವರದು."

ಧರ್ಮಿಬಾಯಿ ಅಂದೇ ಕೇಳಿದಳು. ಅವನು ಹೇಳಿದ.

"ಇನ್ನ ಈ ಮನಿಗೆ ಕಾಲಿಡಬ್ಯಾಡ್ರಿ!" ಕಾಜಲ್‌ಳ ದನಿ ಒಡೆಯಿತು. ಸುದೀಪ ಚೀಲ ಎತ್ತಿಕೊಂಡು ಹೋದ.

ಅವನು ಕಲ್ಲೆದೆಯವನೇ? ಹಾಗಿದ್ದರೆ ಹೋಗುವಾಗ ಕಣ್ಣೇಕೆ ಒದ್ದೆಯಾಗಿತ್ತು? ಸಿಟ್ಟೋ, ಪ್ರೀತಿಯೋ... ಅವಳಿಗೆ ಒಂದೂ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ, ಧರ್ಮಿಬಾಯಿ ಟ್ರಂಕ್ ತೆರೆದು ಕೂತಿದ್ದಳು. ತೊಡೆಯ ಮೇಲೆ ಫೇಟಿಯಾ!

"ನಿನ್ನೆ ರಾತ್ರಿ ಡಾಕ್ಟರ ಕೂಡ ಫೋನಿನ್ಯಾಗ ಮಾತಾಡೇನಿ. ಗುಳಿಗಿ ಕಡಿಮಿ ಮಾಡ್ತಾರಂತ. ಸೂಜಿ ಹಿಡಿಯುವಷ್ಟು ಕೈ ಉಳೀಲಿ."

"ಗಂಟು ಮತ್ತ ಬೆಳದ್ರ, ಯಾಡಿ?"

"ಬೆಳೀಬಹುದು, ಅದನ್ನೂ ಹೇಳ್ಯಾರ." ತಾಯಿ ಮಗಳ ಕೆನ್ನೆ ಸವರಿದಳು. "ನೀ ಎಲ್ಲಾ ಚಲೋ ಆಗ್ತೈತಿ ಅಂದಾಗ, ಹೊಲಿಗಿ ನಾಳೆ ನೋಡೂಣು ಅಂತ ಕುಂತಿದ್ದೆ. ಅವ ಗೊತ್ತಿಲ್ಲ ಅಂದ. ಇವತ್ತೇ ಸುರು ಮಾಡೇನಿ."

ಕಾಜಲ್ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಫೋನ್ ಹಿಡಿದಳು.

ಮಧ್ಯಾಹ್ನ ಸುದೀಪ ಅಂಗಳದಲ್ಲೇ ನಿಂತ. "ಕಾಲಿಡಬಹುದೇನ್ರೀ?"

"ಬರ್ರಿ. ಸೂಜಿಗೆ ದಾರ ಪೋಣಿಸಿ ಕೊಡಬೇಕಂತ."

ಇಬ್ಬರೂ ಕಟ್ಟೆಯ ಮೇಲೆ ಕೂತರು. ಅವಳು ಎಷ್ಟು ಸಲ ನೂಕಿದರೂ ದಾರ ಸೂಜಿಗೆ ಹೋಗಲೇ ಇಲ್ಲ. ಅವನು ಅವಳ ಬೆರಳು ಹಿಡಿದು ಸೂಜಿಯ ಕಣ್ಣಿಗೆ ತಂದ.

"ಇದನ್ನ ಮುಗಸೂತನಕ ಯಾಡಿ ಇರ್ತಾಳೇನ್ರೀ?"

"ಗೊತ್ತಿಲ್ಲ, ಕಾಜಲ್."

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ. ಮೆಲ್ಲಗೆ ಕೇಳಿದಳು, "ನೀವು?"

"ನಾನು ಇರ್ತೇನಿ." ಅವನು ಅವಳ ಕೈ ಬಿಡಲಿಲ್ಲ. "ಅದೊಂದು ನನಗ ಗೊತ್ತೈತಿ."

ಒಳಗಿನಿಂದ ಧರ್ಮಿಬಾಯಿಯ ದನಿ ಬಂತು. "ಏ, ಪಿಸಿಪಿಸಿ ಸಾಕು! ಮೊದಲು ದಾರ ಕೊಡ್ರಿ ಇಲ್ಲಿ!"