ಕೆಂಪು ಕಾರಿಗೆ ಬಂದ ಲಾರಿ ಎಂಜಿನ್

ಮೆಕ್ಯಾನಿಕ್‌ಗೆ ಟೀ ಕೊಡಲೆಂದು ಗುಬ್ಬಿ ಮಹಡಿಯ ಮನೆಯಿಂದ ಇಳಿದು ಬಂದಾಗ ಗ್ಯಾರೇಜಿನಲ್ಲಿ ಒಂದು ಸಣ್ಣ ಸದ್ದೂ ಇರಲಿಲ್ಲ. "ಸಾರ್, ಟೀ ಆರಿ ಹೋಗುತ್ತೆ" ಎಂದು ಬಾಗಿಲಲ್ಲೇ ಕೂಗಿದಳು. ಆಮೇಲೆ ಅವಳ ಕಣ್ಣು ನೆಲದ ಮೇಲೆ ಹೋಯಿತು.

ಬಾನೆಟ್ ಕಳಚಿಟ್ಟ ಹಳೆಯ ಸ್ಪೋರ್ಟ್ಸ್ ಕಾರಿನ ಮುಂದೆ ಮೆಕ್ಯಾನಿಕ್ ಬೋರಲಾಗಿ ಬಿದ್ದಿದ್ದ. ಆ ಕಾರಿಗೆ ಕೂರಿಸಬೇಕೆಂದು ಗುಜರಿಯಿಂದ ತಂದಿದ್ದ ಲಾರಿ ಎಂಜಿನ್, ಅವನ ತಲೆ ಮತ್ತು ಹೆಗಲ ಮೇಲೆ ಓರೆಯಾಗಿ ಕೂತಿತ್ತು. ಭಾರ ಎತ್ತುವ ಚೈನ್ ಕಪ್ಪಿಯ ಕೊಕ್ಕೆ ಮೇಲೆ ಖಾಲಿಯಾಗಿ ನೇತಾಡುತ್ತಿತ್ತು.

ಲೋಟ ಕೈಜಾರಿತು. ಗುಬ್ಬಿಗೆ ನಿಂತ ನೆಲವೇ ಕುಸಿದಂತಾಯಿತು. ಬೀಳದಿರಲೆಂದು ಪಕ್ಕದ ಸ್ಟ್ಯಾಂಡಿನ ಮೇಲಿದ್ದ ಕೆಂಪು ಬಾನೆಟ್ಟನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಬಾಯಿಂದ ಹೊರಟದ್ದು ಒಂದೇ ಮಾತು: "ಅತ್ತಿಗೇ!"

ಒಳಗಿನ ಬಣ್ಣದ ಕೋಣೆಯಿಂದ ಪೇಂಟರ್ ಓಡಿ ಬಂದ. ಅವನು ಸತ್ತವನ ಸ್ವಂತ ಅಣ್ಣ. ಗ್ಯಾರೇಜು ಇಬ್ಬರದೂ. ಮುಖದ ಮಾಸ್ಕನ್ನು ಕತ್ತಿಗೆ ಎಳೆದುಕೊಂಡು, "ಅಯ್ಯೋ, ಈಗಷ್ಟೇ ಬಾನೆಟ್ಟಿಗೆ ಕೊನೇ ಕೋಟು ಹೊಡೆದು ಒಳಗೆ ಸ್ಪ್ರೇ ಗನ್ ತೊಳೆಯೋಕೆ ಹೋಗಿದ್ದೆ, ನನಗೆ ಏನೂ ಕೇಳಿಸ್ಲಿಲ್ವಲ್ಲಾ!" ಎಂದು ತಲೆ ಚಚ್ಚಿಕೊಂಡ.

ಅಷ್ಟರಲ್ಲಿ ಅತ್ತಿಗೆ ಮೆಟ್ಟಿಲಿಳಿದು ಬಂದಳು. ವಿಮಾ ಕಂಪನಿಯೊಂದರಲ್ಲಿ ಅಪಘಾತಗಳ ಜಾಡು ಹಿಡಿಯುವುದೇ ಅವಳ ಕೆಲಸವಾಗಿತ್ತು. ನಿವೃತ್ತಳಾದ ಮೇಲೆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುವುದು ವಾಡಿಕೆಯಾಗಿತ್ತು. ತನ್ನ ಅಣ್ಣನನ್ನು ಮದುವೆಯಾಗುವ ಮುಂಚೆಯೂ ಅವಳು ಒಂದು ತನಿಖೆ ನಡೆಸಿಯೇ ಇರಬೇಕೆಂದು ಗುಬ್ಬಿ ಆಗಾಗ ತಮಾಷೆ ಮಾಡುವುದಿತ್ತು. ಆದರೆ ಆ ಹೊತ್ತು ಅತ್ತಿಗೆಯ ಮುಖವೂ ಸುಣ್ಣದಂತೆ ಬಿಳಿಚಿತ್ತು. ಏಕೆಂದರೆ ಆ ಕೆಂಪು ಕಾರು ಅವಳ ಗಂಡನದು.

ಬೋಲ್ಟು ತರಲು ಪೇಟೆಗೆ ಹೋಗಿದ್ದ ಗುಬ್ಬಿಯ ಅಣ್ಣ ಪೊಲೀಸರ ಹಿಂದೆಯೇ ಬಂದ. ಹೆಣ ಕಂಡವನು ಗೋಡೆಗೊರಗಿ ಕುಸಿದ. "ಎಂಜಿನ್‌ಗೆ ಸರಪಳಿ ಸುತ್ತಿ ಕೊಕ್ಕೆ ಹಾಕಿದ್ದು ನಾನು. ಕಲಿತ್ಕೋತೀನಿ ಅಂತ ನಾನೇ ಹಾಕ್ದೆ. ಅದು ಜಾರಿದೆ. ನಾನೇ ಕೊಂದ್ಬಿಟ್ಟೆ" ಎಂದ.

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಆದರೆ ಅವಸರದವರು. "ಒಬ್ಬರೇ ಎತ್ತೋಕೆ ಹೋಗಿದ್ದಾರೆ, ಸರಪಳಿ ಜಾರಿದೆ. ನಿರ್ಲಕ್ಷ್ಯದ ಕೇಸು. ನಿಮ್ಮವರು ಠಾಣೆಗೆ ಬರ್ಬೇಕಾಗುತ್ತೆ" ಎಂದರು.

ಗುಬ್ಬಿಗೆ ಅಳು ಉಕ್ಕಿ ಬಂತು. ಒಂದು ಇರುವೆಯನ್ನೂ ದಾಟಿಕೊಂಡು ಹೋಗುವ ಅಣ್ಣ! ಹಳೇ ಕಾರಿನ ಎಂಜಿನ್ ಕೆಟ್ಟು ಕೂತಾಗ, ಲಾರಿ ಎಂಜಿನ್ ಕೂರಿಸಿದರೆ ಗಾಡಿಗೆ ಮತ್ತೆ ಜೀವ ಬರುತ್ತದೆಂದು ಮೆಕ್ಯಾನಿಕ್ ಹೇಳಿದ ದಿನದಿಂದ ಅವನು ಮಗುವಿನಂತೆ ಕುಣಿಯುತ್ತಿದ್ದ.

ಅತ್ತಿಗೆ ಮಾತ್ರ ಗಂಡನತ್ತ ನೋಡಲಿಲ್ಲ. ಎಂಜಿನ್ನಿನ ಪಕ್ಕ ಮಂಡಿಯೂರಿ, ಅದರ ತಳದ ಎಣ್ಣೆತಟ್ಟೆಯ ಮೇಲೆ ಬೆರಳಾಡಿಸಿದಳು. ತೆಳುವಾದ ತಗಡು, ಒಂದು ಡೊಂಕೂ ಇರಲಿಲ್ಲ. ಕೆಳಗಿನ ಸಿಮೆಂಟು ನೆಲವನ್ನೂ ಸವರಿದಳು.

"ಗುಬ್ಬಿ, ಮಧ್ಯಾಹ್ನ ಪೂರ್ತಿ ನಾವಿಬ್ಬರೂ ಮೇಲೇ ಇದ್ವಿ. ಏನಾದ್ರೂ ಬಿದ್ದ ಸದ್ದು ಕೇಳಿಸ್ತಾ?"

"ಇಲ್ಲ ಅತ್ತಿಗೆ."

"ಕೆಳಗೆ ಸ್ಪ್ಯಾನರ್ ಬಿದ್ರೂ ನಮ್ಮ ಕಿಟಕಿ ಗಾಜು ಗಲಗಲ ಅನ್ನುತ್ತೆ" ಎಂದವಳು ಎದ್ದು ಕೆಲಸದ ಮೇಜಿನತ್ತ ಹೋದಳು.

ಮೆಕ್ಯಾನಿಕ್ ಅಚ್ಚುಕಟ್ಟಿನ ಮನುಷ್ಯ. ಎಂಜಿನ್ನಿನಿಂದ ಕಳಚಿದ ಒಂದೊಂದು ಭಾಗವನ್ನೂ ಒರೆಸಿ, ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದ. ಸಾಲಿನ ನಡುವೆ ಒಂದು ಜಾಗ ಖಾಲಿ. ಅಲ್ಲಿ ಬಟ್ಟೆಯ ಮೇಲೆ ದುಂಡಗಿನ ಎಣ್ಣೆ ಗುರುತು, ಪಕ್ಕದಲ್ಲೇ ತೊಳೆದಿಟ್ಟ ಬೋಲ್ಟುಗಳು.

"ಇಲ್ಲೇನಿತ್ತು?" ಅತ್ತಿಗೆ ಗಂಡನನ್ನು ಕೇಳಿದಳು.

"ಬ್ರೇಕ್ ಪಂಪು. ಲಾರಿಲಿ ಎಂಜಿನ್ನೇ ತಿರುಗಿಸೋ ಪಂಪೊಂದು ಬ್ರೇಕಿಗೆ ಬಲ ಕೊಡುತ್ತಂತೆ. ನಮ್ಮ ಕಾರಿನ ಬ್ರೇಕು ಬರೀ ಕಾಲಿನ ಬಲದ್ದು, ಅದು ಬೇಡ ಅಂತ ಬೆಳಿಗ್ಗೆ ಬಿಚ್ಚಿದ. ಒಳಗೆ ನೋಡಿದ ಮೇಲೆ ಯಾಕೋ ಮುಖ ಕಪ್ಪಿಟ್ಟಿತು. 'ಸಾರ್, ಬೋಲ್ಟು ತರೋ ನೆಪದಲ್ಲಿ ಸ್ವಲ್ಪ ಹೊತ್ತು ಹೊರಗಿದ್ದು ಬನ್ನಿ. ಎಂಜಿನ್ ಎತ್ತೋದೆಲ್ಲ ನೀವು ಬಂದ ಮೇಲೇನೇ' ಅಂದ."

ಇಷ್ಟು ಹೇಳಿದ ಅಣ್ಣನನ್ನು ಜೀಪು ಕರೆದುಕೊಂಡು ಹೋಯಿತು. ಗುಬ್ಬಿ ಗೇಟಿನ ತನಕ ಹಿಂದೆಯೇ ಓಡಿದಳು. ಅತ್ತಿಗೆ ಓಡಲಿಲ್ಲ. ಇನ್ಸ್‌ಪೆಕ್ಟರ್ ಕಿವಿಯಲ್ಲಿ ಏನೋ ಹೇಳಿದಳು. ಅವರು ಹುಬ್ಬೇರಿಸಿ, ಗ್ಯಾರೇಜಿಗೆ ಬೀಗ ಹಾಕಿಸಿ, ಇಬ್ಬರು ಪೇದೆಗಳನ್ನು ಕಾವಲಿಗೆ ಬಿಟ್ಟರು.

ಅತ್ತಿಗೆ ಗುಬ್ಬಿಯನ್ನು ಕರೆದುಕೊಂಡು ಗುಜರಿ ಅಂಗಡಿಗೆ ಹೋದಳು. ಅಂಗಡಿಯವನು ಮಾತಿಗೆ ಸಿಕ್ಕಿದರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. "ಇಳಿಜಾರಲ್ಲಿ ಉರುಳಿದ ಪಿಕಪ್ ಲಾರಿ ಅಮ್ಮಾ ಅದು. ಗಿಡದ ಸಸಿ ಸಾಗಿಸ್ತಿದ್ದ ಒಬ್ಬ ಯುವಕನದ್ದು. ಎಂಜಿನ್ ಮಾತ್ರ ಗಟ್ಟಿಯಾಗಿತ್ತು" ಎಂದ.

"ನಮ್ಮನೆಯವರು ಹೇಳ್ತಿದ್ರು, ಮೊನ್ನೆ ನೀನೇ ಗ್ಯಾರೇಜಿಗೆ ಬಂದು ಅದನ್ನ ವಾಪಸ್ ಕೇಳಿದ್ಯಂತೆ?"

"ಅದು... ಬೇರೆ ಗಿರಾಕಿ ಇದ್ರು" ಎಂದವನು ತಕ್ಕಡಿ ಒರೆಸುತ್ತಾ ಒಳಗೆ ಸೇರಿಕೊಂಡ.

ಅಲ್ಲಿಂದ ಅತ್ತಿಗೆ ನೇರ ಪೇಂಟರ್ ಮನೆಗೆ ನಡೆದಳು. ಅವನ ಮಗಳು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಗ್ಯಾರೇಜಿಗೆ ಬರುವ ಗಾಡಿಗಳ ಸೀಟು ಹೊಲಿಯುತ್ತಿದ್ದ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಮದುವೆಯಾಗದ ಮೆಕ್ಯಾನಿಕ್‌ಗೆ ಅಣ್ಣನ ಮಗಳೇ ಕಣ್ಮಣಿ. ಅತ್ತೂ ಅತ್ತೂ ಅವಳ ಮುಖ ಊದಿತ್ತು.

"ಚಿಕ್ಕಪ್ಪನ್ನ ಕೊಂದಿದ್ದು ನಾನೇ" ಎಂದಳು.

ಗುಬ್ಬಿ ಬೆಚ್ಚಿಬಿದ್ದಳು. ಒಂದೇ ದಿನ ಇಬ್ಬರ ಬಾಯಲ್ಲಿ ಅದೇ ಮಾತು!

"ಆ ಎಂಜಿನ್ನೇ ಬೇಕು ಅಂತ ಚಿಕ್ಕಪ್ಪನಿಗೆ ದುಂಬಾಲು ಬಿದ್ದಿದ್ದು ನಾನು. ಗುಜರಿಲಿ ಅವನ ಲಾರಿ ಕಣ್ಣಿಗೆ ಬಿತ್ತು. ನನ್ನನ್ನ ಮದುವೆ ಆಗ್ಬೇಕಿದ್ದವನದು. ಅದರ ಎಂಜಿನ್ ಆದ್ರೂ ಎಲ್ಲೋ ಒಂದು ಕಡೆ ಓಡ್ತಾ ಇರಲಿ ಅನ್ನಿಸ್ತು. ಇಲ್ಲದಿದ್ರೆ ಅದು ಇಲ್ಲಿಗೆ ಬರ್ತಾನೇ ಇರ್ಲಿಲ್ಲ, ಚಿಕ್ಕಪ್ಪನ ಮೇಲೆ ಬೀಳ್ತಾನೂ ಇರ್ಲಿಲ್ಲ."

ಅತ್ತಿಗೆ ಅವಳ ಪಕ್ಕ ಕೂತಳು. "ನಿಮ್ಮಪ್ಪ ಆ ಮದುವೆಗೆ ಒಪ್ಪಿದ್ರಾ?"

"ಮೊದಮೊದಲು ಮನೆ ಸೂರು ಹಾರಿಹೋಗೋ ಹಾಗೆ ಕೂಗಾಡಿದ್ರು. ಆಮೇಲೆ ತಾವಾಗೇ ತಣ್ಣಗಾದ್ರು. ಅವನ ಲಾರಿನ ಇಲ್ಲೇ ಹಿತ್ತಲ ಶೆಡ್ಡಿಗೆ ತರಿಸ್ಕೊಂಡು ಕೈಯಾರೆ ಬಣ್ಣ ಹೊಡ್ಕೊಟ್ರು." ಸೂಜಿಯ ದನಿ ಒಡೆಯಿತು. "ಅದನ್ನ ತಗೊಂಡು ಹೋದ ಮರುದಿನವೇ ಇಳಿಜಾರಲ್ಲಿ... ನಿದ್ದೆಗಣ್ಣಲ್ಲಿ ಓಡಿಸಿದ ಅಂದ್ರು. ಅವನು ನಿದ್ದೆಗೆಟ್ಟು ಓಡಿಸೋನಲ್ಲ ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ವಾಪಸ್ ಬರುವಾಗ ಅತ್ತಿಗೆ ಒಮ್ಮೆ ನಿಂತು, "ಗುಬ್ಬಿ, ನಿನ್ನ ಅಂಗೈ ತೋರಿಸು" ಎಂದಳು. ತಿರುಗಿಸಿ ಮುರುಗಿಸಿ ನೋಡಿದಳು. "ಹೆಣ ಕಂಡ ಮೇಲೆ ಕೈ ತೊಳೆದ್ಯಾ?"

"ಎಲ್ಲಿ ತೊಳೀಲಿ ಅತ್ತಿಗೆ, ಮೈಯಲ್ಲಿ ಜೀವವೇ ಇರಲಿಲ್ಲ."

ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಎಲ್ಲರೂ ಸೇರಿದರು. ಪೇಂಟರ್ ಮಗಳ ಹೆಗಲು ಬಳಸಿ ನಿಂತಿದ್ದ. ಗುಜರಿಯವನು ಬಾಗಿಲ ಬಳಿ ಚಡಪಡಿಸುತ್ತಿದ್ದ. ಕಣ್ಣು ಕೆಂಪಾಗಿದ್ದ ಅಣ್ಣನನ್ನು ಇನ್ಸ್‌ಪೆಕ್ಟರ್ ಜೊತೆಗೇ ಕರೆತಂದಿದ್ದರು.

"ಮೊದಲನೇ ಮಾತು," ಅತ್ತಿಗೆ ಶುರು ಮಾಡಿದಳು. "ಈ ಎಂಜಿನ್ ಬೀಳಲೇ ಇಲ್ಲ. ಬಿದ್ದಿದ್ರೆ ತಳದ ತಗಡು ಅಪ್ಪಚ್ಚಿ ಆಗ್ಬೇಕಿತ್ತು, ನೆಲ ಬಿರುಕು ಬಿಡ್ಬೇಕಿತ್ತು, ಮೇಲೆ ನಮ್ಮ ಮನೆ ಅಲುಗಬೇಕಿತ್ತು. ಯಾವುದೂ ಆಗಿಲ್ಲ. ಅಂದ್ರೆ ಯಾರೋ ಅದನ್ನ ಎತ್ತಿ, ಆಗಲೇ ನೆಲದ ಮೇಲೆ ಬಿದ್ದಿದ್ದ ಮನುಷ್ಯನ ಮೇಲೆ ನಿಧಾನವಾಗಿ ಇಳಿಸಿ, ಸರಪಳಿ ಬಿಚ್ಚಿದ್ದಾರೆ."

ಅಣ್ಣ ತಲೆಯೆತ್ತಿದ. ಗುಬ್ಬಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಆದರೆ ಅದರ ಬೆನ್ನಿಗೇ ಹೊಳೆಯಿತು: ಹಾಗಾದರೆ ಇದು ಕೊಲೆ.

"ಯಾಕೆ ಅಂತ ಆ ಖಾಲಿ ಜಾಗ ಹೇಳಿತು. ಇಷ್ಟೆಲ್ಲಾ ಭಾಗ ಬಿಟ್ಟು ಬ್ರೇಕ್ ಪಂಪು ಒಂದೇ ಯಾಕೆ ಮಾಯ? ಅದರೊಳಗೆ ಏನೋ ಕಂಡಿದ್ದಕ್ಕೇ ಮೆಕ್ಯಾನಿಕ್ ನನ್ನ ಗಂಡನ್ನ ಹೊರಗೆ ಕಳಿಸಿದ್ದು. ಹೊರಗಿನವರ ಮುಂದೆ ಆಡಲಾಗದ ಮಾತು ಇರೋದು ಮನೆಯವರ ಹತ್ರ. ಇನ್ನು ನೀನು ಹೇಳಪ್ಪ, ಎಂಜಿನ್ ವಾಪಸ್ ತಾ ಅಂತ ನಿನಗೆ ಹೇಳಿದ್ದು ಯಾರು?"

ಗುಜರಿಯವನು ಇನ್ಸ್‌ಪೆಕ್ಟರನ್ನೊಮ್ಮೆ ನೋಡಿ ಉಗುಳು ನುಂಗಿದ. "ಪೇಂಟ್ರು. ಮಗಳಿಗೆ ಹಳೇದೆಲ್ಲ ನೆನಪಾಗುತ್ತೆ, ಹೇಗಾದ್ರೂ ಎತ್ಕೊಂಡು ಹೋಗು ಅಂದ್ರು. ತಪ್ಪೇನಿದೆ ಅಂತ ಬಂದೆ, ಮೆಕ್ಯಾನಿಕ್ ಕೊಡ್ಲಿಲ್ಲ."

"ಹೌದು, ಹೇಳ್ದೆ!" ಪೇಂಟರ್ ಸಿಡಿದ. "ಹೆತ್ತ ಹೊಟ್ಟೆ ಕೇಳುತ್ತಾ? ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಬಾನೆಟ್ಟಿಗೆ ಬಣ್ಣ ಹೊಡೀತಿದ್ದೆ."

"ಗುಬ್ಬಿ ಬರೋ ಹೊತ್ತಿಗೆ ಆಗಷ್ಟೇ ಮುಗಿಸಿದ್ದೆ ಅಂದ್ರಿ. ಅವಳು ಅದೇ ಬಾನೆಟ್ಟನ್ನ ಎರಡೂ ಕೈಯಿಂದ ಒತ್ತಿ ಹಿಡಿದಿದ್ಲು. ಅಂಗೈಗೆ ಒಂದು ಚುಕ್ಕೆ ಕೆಂಪೂ ಹತ್ತಿಲ್ಲ. ಬಾನೆಟ್ ಮೇಲೆ ಕೈ ಗುರುತೂ ಇಲ್ಲ. ಅದು ಬೆಳಿಗ್ಗೆಯೇ ಒಣಗಿದ್ದ ಬಣ್ಣ."

ಪೇಂಟರ್ ಬಾನೆಟ್ಟಿನತ್ತ ತಿರುಗಿ ನೋಡಿದ.

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಬಟ್ಟೆ ಸರಿಸಿದರು. ಕೆಳಗೆ ಅಂಗೈಯಗಲದ ಕಬ್ಬಿಣದ ಪಂಪು, ಮೈತುಂಬ ಲಪ್ಪ ಮೆತ್ತಿಕೊಂಡಿತ್ತು. ಗಾಡಿಯ ತಗ್ಗು ತುಂಬಲು ಪೇಂಟರುಗಳು ಬಳಸುವ ಪುಟ್ಟಿ ಅದು. "ನಿಮ್ಮ ಕೋಣೇಲಿ, ಲಪ್ಪದ ದೊಡ್ಡ ಡಬ್ಬದ ತಳದಲ್ಲಿ ಹುದುಗಿತ್ತು. ಎಲ್ಲಿ ಹುಡುಕಬೇಕು ಅಂತ ಈ ಅಮ್ಮ ಹೇಳಿದ್ರು" ಎಂದರು.

"ಇದು ಹೊರಗೆ ಮೆತ್ತಿದ ಹಸಿ ಲಪ್ಪ," ಅತ್ತಿಗೆಯ ದನಿ ತಗ್ಗಿತು. "ಒಳಗೆ ನೋಡಿ. ಪಂಪಿಗೆ ಎಣ್ಣೆ ಹೋಗೋ ತೂತಿನಲ್ಲಿ ಅದೇ ಲಪ್ಪ ಕಲ್ಲಾಗಿದೆ. ಎಣ್ಣೆ ಇಲ್ದೆ ಪಂಪು ಒಣಗಿ, ಕಾದು, ದಾರಿ ಮಧ್ಯೆ ಮುರಿಯುತ್ತೆ. ಆಮೇಲೆ ಬ್ರೇಕು ಒತ್ತಿದ್ರೆ ಬಂಡೆ ಒತ್ತಿದ ಹಾಗೆ. ತುಂಬಿದ ಗಾಡಿ, ಇಳಿಜಾರು. ಎಂಜಿನ್ ಓಡ್ತಾನೇ ಇರುತ್ತೆ, ಯಾರಿಗೂ ಅನುಮಾನ ಬರಲ್ಲ. ಇದನ್ನ ತುಂಬಬೇಕು ಅಂದ್ರೆ ಲಾರಿ ಒಂದು ದಿನವಾದ್ರೂ ಬಿಚ್ಚಿ ನಿಂತಿರ್ಬೇಕು. ಅದು ನಿಂತಿದ್ದು ನಿಮ್ಮ ಶೆಡ್ಡಲ್ಲಿ, ಬಣ್ಣಕ್ಕೆ. ನಿಮ್ಮ ತಮ್ಮ ನಿಮ್ಮ ಲಪ್ಪದ ಗುರುತು ಹಿಡಿದ. ಪೊಲೀಸರ ಹತ್ರ ಹೋಗೋ ಮುಂಚೆ ನಿಮ್ಮನ್ನೇ ಕೇಳೋಣ ಅಂದ್ಕೊಂಡ. ಅದೇ ಅವನು ಮಾಡಿದ ತಪ್ಪು."

ಸೂಜಿ ತನ್ನ ಹೆಗಲ ಮೇಲಿದ್ದ ಅಪ್ಪನ ಕೈಯನ್ನು ನೋಡುತ್ತಿದ್ದಳು, ಅದು ಯಾರದೋ ಎಂಬಂತೆ.

"ಮಗಳಿಗೆ ಹೇಳ್ತೀನಿ ಅಂದ," ಪೇಂಟರ್ ಗೊಣಗಿದ. "ಅದೊಂದು ಬೇಡ ಕಣೋ ಅಂತ ಕಾಲು ಹಿಡಿದೆ. ತಿರುಗಿ ಹೊರಟುಬಿಟ್ಟ. ನನ್ನ ಕೈಲಿ ಪಂಪಿತ್ತು, ಹೊಡೆದೆ. ಬೇಕು ಅಂತ ಹೊಡೀಲಿಲ್ಲ. ಲಾರಿದೂ ಅಷ್ಟೇ, ಒಂದು ಸಣ್ಣ ಪೆಟ್ಟಾಗಲಿ, ಹೆದರಿ ಊರು ಬಿಡಲಿ ಅಂತಿದ್ದೆ. ಗಿಡ ಮಾರೋನ ಮನೆಗೆ ನನ್ನ ಮಗಳು..."

ಸೂಜಿ ಆ ಕೈಯನ್ನು ಹೆಗಲಿನಿಂದ ಎತ್ತಿ ಕೆಳಗೆ ಬಿಟ್ಟಳು. ಕೂಗಾಡಲಿಲ್ಲ.

"ಅಪ್ಪ," ಎಂದಳು. "ಅವತ್ತು ಆಸ್ಪತ್ರೇಲಿ ಅವನ ಮುಖ ನೋಡೋಕೆ ನನಗೆ ಧೈರ್ಯ ಇರ್ಲಿಲ್ಲ. ನಾನಿದ್ದೀನಿ ಬಾ ಅಂತ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿದ್ದು ನೀನೇ ಅಲ್ವಾ?"

ಪೇಂಟರ್ ನೆಲ ನೋಡಿದ. "ಹೂಂ" ಎಂದ.

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು. ಜೀಪಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಬಿಡುಗಡೆಯಾದ ಅಣ್ಣನನ್ನು ಅಪ್ಪಿಕೊಳ್ಳಬೇಕೆಂದು ಗುಬ್ಬಿಗೆ ನೆನಪೇ ಆಗಲಿಲ್ಲ.

ಸೂಜಿ ಗುಬ್ಬಿಯತ್ತ ತಿರುಗಿದಳು. "ಇವತ್ತು ನಾನು ಆ ಮನೆಗೆ ಹೋಗಲಾರೆ ಅಕ್ಕ."

"ಮೇಲೆ ಬಾ," ಎಂದಳು ಗುಬ್ಬಿ. ಅವಳ ಕೈ ಹಿಡಿಯಲು ತನ್ನ ಕೈ ಚಾಚಿದವಳು, ಆಸ್ಪತ್ರೆಯ ಮಾತು ನೆನಪಾಗಿ ಅರ್ಧದಲ್ಲೇ ತಡೆದಳು. ಸೂಜಿ ಕ್ಷಣಹೊತ್ತು ಆ ಕೈಯನ್ನೇ ದಿಟ್ಟಿಸಿದಳು. ಆಮೇಲೆ ತಾನಾಗಿಯೇ ಹಿಡಿದುಕೊಂಡಳು.