ಅಂಚಿನಲ್ಲಿದ್ದ ಮೊಣಕೈ

ಲೈಬ್ರರಿಯ ಹಾಲಿನಲ್ಲಿ ನಡೆದಿದ್ದ ಚಿತ್ರಪ್ರದರ್ಶನದಲ್ಲಿ ತನ್ನ ಚಿತ್ರದ ಮುಂದೆ ನಿಂತ ಸಿಡುಕಿಗೆ ಮೊದಲು ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಆಮೇಲೆ ಮೈಯೆಲ್ಲ ಉರಿದುಹೋಯಿತು.

ಚಿತ್ರದಲ್ಲಿ ಅವರ ಮನೆಯ ಅಡುಗೆಮನೆ ಇತ್ತು. ಒಲೆ ಇತ್ತು, ಸಿಂಕಿನ ಪಕ್ಕ ಬೋರಲು ಹಾಕಿದ ಲೋಟಗಳಿದ್ದವು, ಕಿಟಕಿಯಿಂದ ಇಳಿದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅಮ್ಮ ಮಾತ್ರ ಇರಲಿಲ್ಲ.

ಬರೆದಾಗ ಅಮ್ಮ ಇದ್ದದ್ದು ಎಡಗಡೆಯ ಅಂಚಿನಲ್ಲಿ, ಎರಡು ಬೆರಳಗಲದ ಜಾಗದಲ್ಲಿ. ಪೂರ್ತಿ ಅಮ್ಮನಲ್ಲ, ಬರೀ ಮೊಣಕೈ. ಬೇಕರಿಯಲ್ಲಿ ಕೆಲಸ ಮಾಡುವ ಅಮ್ಮ ಮನೆಗೆ ಬಂದಮೇಲೂ ಒಂದು ಕಡೆ ನಿಂತವಳಲ್ಲ. ಕೂತ್ಕೊಳಮ್ಮ, ನಿನ್ನ ಚಿತ್ರ ಬರೀತೀನಿ ಎಂದರೆ "ಬಂದೆ ಇರು" ಎಂದು ಹೋದವಳು ಬರುತ್ತಲೇ ಇರಲಿಲ್ಲ. ಸಿಡುಕಿ ಕೊನೆಗೆ ಅಮ್ಮ ಹೇಗಿದ್ದಾಳೋ ಹಾಗೆಯೇ ಬರೆದುಬಿಟ್ಟಿದ್ದಳು. ಚಿತ್ರದಿಂದ ಆಚೆಗೆ ಹೊರಟ ಮೊಣಕೈ, ಮೇಲಕ್ಕೆ ಮಡಚಿದ ತೋಳು, ಓವನ್ನಿನ ಬಾಗಿಲು ತಗುಲಿ ಸುಟ್ಟ ಹಳೆಯ ಕಂದು ಗುರುತು. ಆ ಕಂದು ಬಣ್ಣ ಹದಕ್ಕೆ ಬರುವಷ್ಟರಲ್ಲಿ ಅವಳು ಹಾಳುಮಾಡಿದ ಕಾಗದಕ್ಕೆ ಲೆಕ್ಕವಿಲ್ಲ.

ಅಷ್ಟನ್ನೂ ಈಗ ಒಂದು ರಟ್ಟು ನುಂಗಿ ಕೂತಿತ್ತು. ಫ್ರೇಮಿನೊಳಗೆ ಚಿತ್ರದ ಸುತ್ತ ಕೂರಿಸುತ್ತಾರಲ್ಲ, ಮೌಂಟ್ ಎನ್ನುವ ಆ ಬಿಳಿ ರಟ್ಟು.

ಪಕ್ಕದಲ್ಲಿ ಅಮ್ಮ ನಿಂತಿದ್ದಳು. "ನಿನ್ನನ್ನೇ ಬರೆದಿದ್ದೀನಿ, ಬಂದು ನೋಡು" ಎಂದು ಸಿಡುಕಿಯೇ ಅವಳನ್ನು ಬೇಕರಿಯಿಂದ ನೇರ ಎಳೆದುಕೊಂಡು ಬಂದಿದ್ದಳು. ಅಮ್ಮ ಕನ್ನಡಕ ಏರಿಸಿ, ಕತ್ತು ವಾಲಿಸಿ ನೋಡಿದಳು.

"ನಮ್ಮ ಅಡುಗೆಮನೆನೇ ಕಣೇ. ಲೋಟ ಕೂಡ ಹಾಗೇ ಬಂದಿದೆ." ಮತ್ತೆ ಹುಡುಕಿದಳು. "ನಾನು ಎಲ್ಲಿ?"

ಸಿಡುಕಿಯ ಬೆರಳು ಗಾಜಿನ ಮೇಲೆ ಎಡಗಡೆಯ ಬಿಳಿ ರಟ್ಟಿನವರೆಗೆ ಹೋಗಿ ನಿಂತಿತು.

"ಇರ್ಲಿ ಬಿಡು," ಎಂದಳು ಅಮ್ಮ, ಸೆರಗಿಗೆ ಅಂಟಿದ ಮೈದಾಹಿಟ್ಟು ಕೊಡವಿಕೊಳ್ಳುತ್ತ. "ನನ್ನ ಮುಖ ನೋಡೋಕೆ ಯಾರು ಬರ್ತಾರೆ? ಹೀಗೇ ಚೆನ್ನಾಗಿದೆ."

ಇಷ್ಟಾದಮೇಲೂ ಮನುಷ್ಯರಿಗೆ ಕೋಪ ಬರಬಾರದೇ?

"ಅಮ್ಮ, ಇಲ್ಲೇ ಕೂತಿರು. ಎಲ್ಲೂ ಹೋಗಬೇಡ. ಬಂದೆ ಇರು," ಎಂದವಳೇ ಸಿಡುಕಿ ಹೊರಗೆ ಓಡಿದಳು.

ಫ್ರೇಮಿನ ಅಂಗಡಿ ಲೈಬ್ರರಿಯ ಹಿಂದಿನ ಬೀದಿಯಲ್ಲೇ ಇತ್ತು. ಆ ಅಂಗಡಿಯವನಿಗೂ ಅವಳಿಗೂ ಮೊದಲಿನಿಂದ ಹಾವು ಮುಂಗುಸಿಯ ಸಂಬಂಧ. ಮಿಲ್ಲಿನಲ್ಲಿ ಬೆಡ್‌ಶೀಟುಗಳಿಗೆ ಹೂವಿನ ಡಿಸೈನ್ ಬರೆಯುವುದು ಅವಳ ನೌಕರಿ. ಅಲ್ಲಿ ಮೇಲಿನವರ ಅಭಿಪ್ರಾಯ ಯಾವಾಗಲೂ ಒಂದೇ, ಇನ್ನೊಂದು ಹೂವು ಹಾಕಿ. ಮನೆಯಲ್ಲಿ ತನಗಾಗಿ ಬರೆದದ್ದನ್ನು ತೋರಿಸಿದರೆ ಅಣ್ಣ ಫೋನಿನಿಂದ ತಲೆ ಎತ್ತದೆ "ಸೂಪರ್" ಎನ್ನುತ್ತಿದ್ದ. ಗೆಳತಿಯರದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ "ಚೆನ್ನಾಗಿದೆ". ಈ ಫ್ರೇಮಿನವನೊಬ್ಬ ಮಾತ್ರ ಚಿತ್ರವನ್ನು ಬೆಳಕಿಗೆ ಹಿಡಿದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಯಾರೂ ಕೇಳದಿದ್ದರೂ ಶುರುಮಾಡುತ್ತಿದ್ದ.

"ಈ ಆಕಾಶ ನೀವು ನೋಡಿ ಬರೆದಿದ್ದಲ್ಲ ಮೇಡಂ. ಅಭ್ಯಾಸಬಲದಿಂದ ಬರೆದಿದ್ದೀರಿ."

"ನಾನು ಕಟ್ಟು ಹಾಕೋಕೆ ಕೊಟ್ಟೆ. ಮಾರ್ಕ್ಸ್ ಹಾಕೋಕಲ್ಲ."

"ಮರ ಮಾತ್ರ ನಿಜವಾಗ್ಲೂ ನೋಡಿದ್ದೀರಿ. ಆ ಮರಕ್ಕೆ ಈ ಆಕಾಶ ಅನ್ಯಾಯ."

ಅವಳು ದುಮುದುಮು ಎನ್ನುತ್ತ ಮನೆಗೆ ಬರುತ್ತಿದ್ದಳು. ಬಂದು ಆಕಾಶವನ್ನು ಮತ್ತೆ ಬರೆಯುತ್ತಿದ್ದಳು. "ಮನೆ ಹತ್ರ ಅಷ್ಟೊಂದು ಅಂಗಡಿ ಇದ್ರೂ ಜಗಳ ಆಡೋಕೆ ಅಷ್ಟು ದೂರ ಹೋಗ್ತೀಯಲ್ಲೇ," ಎಂದು ಅತ್ತಿಗೆ ನಕ್ಕರೆ, "ಅವನ ಮರದ ಕೆಲಸ ನೀಟು ಅಷ್ಟೇ" ಎಂದು ಕೆಂಪಾಗುತ್ತಿದ್ದಳು. ಅವನು ಚಿತ್ರ ನೋಡುವಾಗ ಹುಬ್ಬಿನ ನಡುವೆ ಬೀಳುತ್ತಿದ್ದ ಗೆರೆಯನ್ನು ಅವಳು ಮಿಲ್ಲಿನ ಕಾಗದದ ಮೂಲೆಯಲ್ಲಿ ಒಮ್ಮೆ ಬರೆದು, ಯಾರಾದರೂ ನೋಡುವ ಮೊದಲೇ ಉಜ್ಜಿಹಾಕಿದ್ದೂ ಉಂಟು.

ಅವನದೊಂದು ನಿಯಮವಿತ್ತು. ಫ್ರೇಮಿನ ಹಿಂಬದಿ ಮುಚ್ಚುವ ಮೊದಲು ಬರೆದವರನ್ನು ಕರೆದು ತೋರಿಸಬೇಕು. ಈ ಸಲ ಅವಳೇ ರೇಗಿದ್ದಳು: "ನಿಮ್ಮ ಭಾಷಣ ಕೇಳೋಕೆ ಟೈಮಿಲ್ಲ. ಕಟ್ಟು ಹಾಕಿ ನೇರ ಲೈಬ್ರರಿಗೆ ಕಳಿಸಿಬಿಡಿ." ಅವನು ಹಾಗೆಯೇ ಮಾಡಿದ್ದ.

ಅವಳು ಬಾಗಿಲಲ್ಲಿ ನಿಂತಾಗ ಅವನು ಗಾಜು ಒರೆಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. ಪಾಪ, ಬರುತ್ತಿರುವುದೇನೆಂದು ಅವನಿಗೇನು ಗೊತ್ತು!

"ನೋಡಿದ್ರಾ ಮೇಡಂ? ಹೇಗೆ ಬಂದಿದೆ?"

"ಎಡಗಡೆ ಅಂಚು ಎಲ್ಲಿ?"

"ಓ, ಅದಾ? ಅಲ್ಲೇನೋ ಕಂದು ಕೊಳೆ ಆಗಿತ್ತು. ಕೈ ತಗುಲಿರಬೇಕು ಅಂದ್ಕೊಂಡೆ. ರಟ್ಟು ಸ್ವಲ್ಪ ಒಳಗೆ ತಂದೆ. ನಿಜ ಹೇಳ್ಬೇಕು ಅಂದ್ರೆ, ಚಿತ್ರಕ್ಕೆ ಒಳ್ಳೇದೇ ಆಯ್ತು. ಖಾಲಿ ಅಡುಗೆಮನೆ, ಎಷ್ಟು ಶಾಂತವಾಗಿ..."

"ಖಾಲಿನಾ? ನಮ್ಮನೆ ಅಡುಗೆಮನೆ ಯಾವತ್ತು ರೀ ಖಾಲಿ ಇತ್ತು?" ಅವಳ ದನಿ ಬೀದಿಗೆಲ್ಲ ಕೇಳಿಸಿತು. "ಅದು ಕೊಳೆ ಅಲ್ಲ. ನಮ್ಮಮ್ಮ!"

ಅವನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೆಯೇ ನಿಂತಿತು.

"ನಮ್ಮಮ್ಮನ ಮೊಣಕೈ. ಸುಟ್ಟ ಗುರುತು ಅದು. ಬೇರೆಯವರಿಗೆ ಬ್ರೆಡ್ ಸುಡೋಕೆ ಹೋಗಿ ಕೈ ಸುಟ್ಕೊಂಡಿದ್ದು. ಈಗ ಅಲ್ಲಿ ನಿಂತ್ಕೊಂಡು 'ನಾನು ಎಲ್ಲಿ' ಅಂತ ಕೇಳಿದ್ಲು ರೀ. ಏನು ಹೇಳ್ಲಿ? ಫ್ರೇಮಿನವರಿಗೆ ನೀನು ಇಷ್ಟ ಆಗ್ಲಿಲ್ಲ ಅಂತ ಹೇಳ್ಲಾ?"

"ಮೇಡಂ, ನನಗೆ ಗೊತ್ತಿರ್ಲಿಲ್ಲ..."

"ಗೊತ್ತಿಲ್ದಿದ್ರೆ ಕೇಳ್ಬೇಕು! ನನ್ನ ಆಕಾಶಕ್ಕೆ ಬೈದ್ರಿ, ಸುಮ್ನಿದ್ದೆ. ನಾನು ಬರೆದ ಬೆಕ್ಕನ್ನ ದಿಂಬು ಅಂದ್ರಿ, ಸಹಿಸ್ಕೊಂಡೆ. ಅಭಿಪ್ರಾಯ ಎಷ್ಟು ಬೇಕಾದ್ರೂ ಇರ್ಲಿ, ಅದು ಬಾಯಲ್ಲಿರ್ಲಿ. ಕೈಗೆ ಇಳಿದು ಬೇರೆಯವರ ಚಿತ್ರ ಮುಟ್ಟಬಾರದು." ಮೇಜಿನ ಮೇಲಿದ್ದ ಕಟರ್ ಅವಳ ಕಣ್ಣಿಗೆ ಬಿತ್ತು. "ಕತ್ತರಿಸಿಬಿಟ್ರಾ?"

"ಅಯ್ಯೋ, ಇಲ್ಲ! ಯಾರ ಚಿತ್ರಾನೂ ನಾನು ಕತ್ತರಿಸಲ್ಲ. ರಟ್ಟಿನ ಕೆಳಗೇ ಇದ್ದಾರೆ."

ಇದೆ ಎನ್ನಲಿಲ್ಲ, ಇದ್ದಾರೆ ಎಂದ. ಅಷ್ಟು ಕೋಪದಲ್ಲೂ ಅದು ಅವಳ ಕಿವಿಗೆ ಬಿತ್ತು.

ಅವನು ಕಟರ್, ಸ್ಕೇಲು, ಇಕ್ಕಳ, ಮೊಳೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಅಂಗಡಿಯನ್ನು ತೆರೆದಿಟ್ಟೇ ಅವಳ ಹಿಂದೆ ನಡೆದ.

ಹಾಲಿನಲ್ಲಿ ಜನ ಸೇರಿದ್ದರು. ಅಮ್ಮ ಬೆಂಚಿನ ಮೇಲೆ ಹೇಳಿದ ಜಾಗದಲ್ಲೇ ಕೂತಿದ್ದಳು. ಅವನು ಚಿತ್ರವನ್ನು ಗೋಡೆಯಿಂದ ಇಳಿಸಿದಾಗ ಲೈಬ್ರರಿಯ ಮುಖ್ಯಸ್ಥರು ಗಾಬರಿಯಿಂದ ಬಂದರು.

"ಏನ್ರೀ ಇದು? ಎಲ್ರೂ ಬಂದಿರೋ ಹೊತ್ತಲ್ಲಿ?"

"ಎಲ್ರ ಮುಂದೆ ಕೆಡಿಸಿದ್ದೀನಿ ಸಾರ್. ಎಲ್ರ ಮುಂದೇನೇ ಸರಿಮಾಡ್ತೀನಿ."

ಪತ್ರಿಕೆ ಓದುವ ಮೇಜಿನ ಮೇಲೆ ಅವನು ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತ. ರಟ್ಟನ್ನು ಎತ್ತಿದ. ಮೊಣಕೈ ಕಾಣಿಸಿತು. ಅವನು ಬಗ್ಗಿ ನೋಡಿದ. ಹುಬ್ಬಿನ ನಡುವೆ ಅದೇ ಗೆರೆ ಬಿತ್ತು. ಸಿಡುಕಿ ಉಸಿರು ಹಿಡಿದು ಕಾದಳು. ಇಷ್ಟು ಬೈದಮೇಲೂ ಅವನೇನು ಹೇಳುತ್ತಾನೆಂದು ಕೇಳುವ ಆಸೆಗೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಹೇಳಲಿಲ್ಲ. ಸ್ಕೇಲು ಇಟ್ಟು ರಟ್ಟಿನ ಎಡಬದಿಯ ಒಳ ಅಂಚಿನಿಂದ ಎರಡು ಬೆರಳಗಲ ಕತ್ತರಿಸಿ ತೆಗೆದ.

"ಇನ್ನು ಎಡ ಬಲ ಸಮ ಇರಲ್ಲ," ಎಂದ ಮೆಲ್ಲಗೆ. "ನೋಡಿದವರು ಇವನಿಗೆ ಅಳತೆ ಬರಲ್ಲ ಅಂತಾರೆ."

"ನಿಮ್ಮ ಅಂಗಡಿ ಸ್ಟಿಕರ್ ಮೂಲೆಯಲ್ಲಿದೆ. ಬೇಕಾದ್ರೆ ಕಿತ್ತುಬಿಡಿ."

"ಬೇಡ. ಇರ್ಲಿ. ಯಾರು ಮಾಡಿದ್ದು ಅಂತ ಗೊತ್ತಾಗ್ಲಿ."

ಚಿತ್ರ ಗೋಡೆಗೆ ಏರಿತು. ಅಮ್ಮ ಎದ್ದು ಬಂದು ನೋಡಿದಳು. ಈ ಸಲ ಹುಡುಕಬೇಕಾಗಲಿಲ್ಲ. ತನ್ನ ತೋಳು ಮಡಚಿ, ಸುಟ್ಟ ಗುರುತನ್ನು ಚಿತ್ರದಲ್ಲಿದ್ದ ಗುರುತಿನ ಪಕ್ಕ ಹಿಡಿದಳು.

"ಇದು ನಾನೇ," ಎಂದಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೂ ಹೇಳಿದಳು, "ನೋಡಿ, ಇದು ನಾನೇ. ನಿಂತ್ಕೊಳಮ್ಮ ಅಂದ್ರೆ ನಿಂತವಳಲ್ಲ ನಾನು. ಹೋಗ್ತಾ ಹೋಗ್ತಾನೇ ಹಿಡಿದುಬಿಟ್ಟಿದ್ದಾಳೆ." ಕಣ್ಣು ಒರೆಸಿಕೊಂಡು ಅವನತ್ತ ತಿರುಗಿದಳು. "ನೀನೇನಪ್ಪಾ ನನ್ನ ಮುಚ್ಚಿಟ್ಟವನು?"

"ಹೌದಮ್ಮ. ತಪ್ಪಾಯ್ತು."

"ಸರಿ, ಇವಳ ಹತ್ರ ಬೈಸ್ಕೊಂಡಿರ್ತೀಯ. ನಾನು ಬೇರೆ ಬೈಯ್ಯಲ್ಲ," ಎಂದು ಅಮ್ಮ ಮತ್ತೆ ತನ್ನ ಮೊಣಕೈ ನೋಡಲು ಹೋದಳು.

ಅವನು ಚೀಲ ಹೆಗಲಿಗೇರಿಸಿ ಹೊರಟಾಗ ಸಿಡುಕಿ ಬಾಗಿಲವರೆಗೂ ಬಂದಳು.

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಬೇರೆಯವರಿಗೂ ಹೀಗೇ ಭಾಷಣ ಕೊಡ್ತೀರಾ?"

ಅವನು ಮೆಟ್ಟಿಲ ಮೇಲೆ ನಿಂತ. "ಇಲ್ಲ. ಬೇರೆಯವರ ಚಿತ್ರಕ್ಕೆ ಚೆನ್ನಾಗಿದೆ ಅಂತೀನಿ, ಕಟ್ಟು ಹಾಕಿ ಕೊಡ್ತೀನಿ. ನಿಮ್ಮ ಚಿತ್ರಕ್ಕೆ ಅಷ್ಟೇ ಹೇಳೋಕೆ ಮನಸ್ಸು ಬರಲ್ಲ. ಚೆನ್ನಾಗಿದೆ ಅಂದ್ಬಿಟ್ರೆ ನೀವು ಚಿತ್ರ ತಗೊಂಡು ಹೊರಟುಹೋಗ್ತೀರಿ. ಜಗಳ ಆದ್ರೆ ಸ್ವಲ್ಪ ಹೊತ್ತು ಇರ್ತೀರಿ." ಅವನ ಕಿವಿ ಕೆಂಪಾಗಿತ್ತು. "ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಧೈರ್ಯ ಇರ್ಲಿಲ್ಲ. ಆಕಾಶಕ್ಕೆ ಬೈಯ್ಯೋ ಧೈರ್ಯ ಇತ್ತು."

ಸಿಡುಕಿಗೆ ಮತ್ತೆ ಕೋಪ ಬಂತು. ಇಷ್ಟು ತಿಂಗಳು ಎಷ್ಟು ಆಕಾಶಗಳನ್ನು ಅವಳು ತಿದ್ದಿ ತಿದ್ದಿ ಬರೆದಿರಲಿಲ್ಲ!

"ಹಾಗಾದ್ರೆ ನನ್ನ ಆಕಾಶ ಚೆನ್ನಾಗಿತ್ತಾ?"

"ಇಲ್ಲ. ಆಕಾಶ ಕೆಟ್ಟದಾಗೇ ಇತ್ತು. ಅದು ಬೇರೆ ವಿಷ್ಯ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಇನ್ನಷ್ಟು ರೇಗಿತು. "ನಾಳೆ ಸಂಜೆ ಅಂಗಡಿಗೆ ಬರ್ತೀನಿ, ಕಾಗದ ಬಣ್ಣ ತಗೊಂಡು. ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಾ ಇರಿ. ನಾನು ಬರೀತೀನಿ."

"ನನ್ನನ್ನಾ?"

"ಅಂಚಲ್ಲಿ. ಎಡಗಡೆ. ಕಟ್ಟು ನೀವೇ ಹಾಕ್ಬೇಕು."

"ಮಧ್ಯದಲ್ಲಿ ಜಾಗ ಇಲ್ವಾ?" ಎಂಬ ಪ್ರಶ್ನೆ ಅವನ ತುಟಿಯ ತುದಿಗೆ ಬಂದದ್ದು ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಅವನು ಬಾಯಿ ತೆರೆದ, ಅವಳ ಮುಖ ನೋಡಿದ, ಮುಚ್ಚಿಕೊಂಡ.

"ಹೇಳಿ ಪರವಾಗಿಲ್ಲ," ಎಂದಳು ಸಿಡುಕಿ, ಅವನ ಕಿವಿಯ ಮೇಲಿಂದ ಜಾರುತ್ತಿದ್ದ ಪೆನ್ಸಿಲ್ಲನ್ನು ಸರಿಮಾಡುತ್ತ. "ಬಾಯಲ್ಲಿದ್ರೆ ನನ್ನದೇನೂ ತಕರಾರಿಲ್ಲ."